ಹಿತ್ತಲ ಕಸುಬು: ಚಿಪ್ಪು ಕಟ್ಟದ ಮೊಟ್ಟೆ

ಮನೆಯ ಹಿತ್ತಲಿನಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕಿಕೊಂಡಿರತಕ್ಕ ಸೋದರಿಯರಿಗೆ ಒಂದಲ್ಲ ಒಂದು ದಿನ ಈ ಅನುಭವವು ಒದಗದೆ ಇರದು. ಗೂಡಿಗೆ ಕೈಯಿಕ್ಕಿದರೆ ಗಟ್ಟಿಯಾದ ಮೊಟ್ಟೆಗೆ ಬದಲಾಗಿ ತೊಗಲಿನ ಚೀಲದಂತೆ ಮೆತ್ತಗಾದುದೊಂದು ಬೆರಳಿಗೆ ತಗುಲುವುದು. ಕೋಳಿಗೆ ದೃಷ್ಟಿಯಾಯಿತೆಂದು ಕೆಲವರು ನಿವಾಳಿಸುವರು. ಇನ್ನು ಇದು ಪ್ರಯೋಜನಕ್ಕೆ ಬಾರದೆಂದು ಕೆಲವರು ಸಂತೆಗೆ ಸಾಗಿಸುವರು. ಎರಡೂ ಆತುರದ ತೀರ್ಮಾನಗಳೇ ಸರಿ. ತನಗೆ ಸಲ್ಲಬೇಕಾದುದು ಸಲ್ಲುತ್ತಿಲ್ಲವೆಂದು ಆ ಮೂಕಪ್ರಾಣಿಯು ಒಪ್ಪಿಸುವ ಅಹವಾಲೆಂದೇ ಮೆತ್ತನೆಯ ಮೊಟ್ಟೆಯನ್ನು ಬಹುಮಟ್ಟಿಗೆ ತಿಳಿಯಬೇಕು.

ಒಂದು ಮೊಟ್ಟೆಯು ಸಿದ್ಧವಾಗುವುದಕ್ಕೆ ಸುಮಾರು ೨೫ ಘಂಟೆಗಳು ಬೇಕು. ಹಳದಿಯ ಸುತ್ತ ಲೋಳೆಯೂ, ಲೋಳೆಯ ಸುತ್ತ ಪೊರೆಯೂ ಏರ್ಪಡುವುದಕ್ಕೆ ನಾಲ್ಕೈದು ಘಂಟೆಗಳು ಸಾಕು. ಉಳಿದ ಸುಮಾರು ೨೦ ಘಂಟೆಗಳೂ ಚಿಪ್ಪಿಗಾಗಿಯೇ ವೆಚ್ಚವಾಗುವುವು. ಈ ಕಾರ್ಯವು ಹೆಚ್ಚಾಗಿ ನಡೆಯುವುದು ರಾತ್ರಿಯಲ್ಲಿ. ದೊಡ್ಡ ಮೊಟ್ಟೆಯೊಂದರ ಚಿಪ್ಪಿನಲ್ಲಿ ೨ ಗ್ರಾಂನಷ್ಟು ಕ್ಯಾಲ್ಸಿಯಂ, ಎಂದರೆ ಸುಣ್ಣದ ಸತ್ತ್ವ, ಇರುವುದು. ಮೇವಿನಲ್ಲಿ ಇದು ದೊರೆಯದಿದ್ದರೆ ಕೋಳಿಯು ತನ್ನ ಮೂಳೆಗಳನ್ನೇ ಕರಗಿಸಿ ಚಿಪ್ಪನ್ನು ಕಟ್ಟುವುದು. ಆದುದರಿಂದ ಕೊರತೆಯು ನಮ್ಮ ಕಣ್ಣಿಗೆ ಬೀಳುವ ವೇಳೆಗೆ ಅದರ ಮೂಳೆಗಳು ಸವೆಯುತ್ತಿರುವುದುಂಟು.

ಮನೆಯ ಕಾಳು ಸಾಲದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ನಿತ್ಯವೂ ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ಮೂರೂವರೆಯಿಂದ ನಾಲ್ಕು ಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಧಾನ್ಯಗಳಲ್ಲಿ ಈ ಸತ್ತ್ವಕ್ಕೆ ಹೆಸರಾದುದು ರಾಗಿ. ಆದರೂ ೧೦೦ ಗ್ರಾಂ ರಾಗಿಯಲ್ಲಿರುವುದು ಒಂದು ಗ್ರಾಂನ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅಕ್ಕಿಯಲ್ಲಿಯೂ ಮುಸುಕಿನ ಜೋಳದಲ್ಲಿಯೂ ಇದು ಅತ್ಯಲ್ಪ. ನಾಟಿಕೋಳಿಯು ವರ್ಷಕ್ಕೆ ೫೦-೬೦ ಮೊಟ್ಟೆಗಳನ್ನಿಟ್ಟು, ಹುಳುಹುಪ್ಪಟೆಗಳನ್ನು ಕೆದಕಿ ತಿಂದು ಹೇಗೋ ಸರಿದೂಗಿಸಿಕೊಳ್ಳುವುದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಮೊದಲಾದ ತಳಿಗಳು ಅದರ ಎರಡರಷ್ಟಕ್ಕೂ ಮಿಕ್ಕಿ ಇಡುವುವು. ಎರಡರಷ್ಟು ದುಡಿಯುವ ಪ್ರಾಣಿಗೆ ಹಳೆಯ ಮೇವನ್ನೇ ಹಾಕುವುದು ನ್ಯಾಯವೆನಿಸದು.

ಇದಕ್ಕೆ ಪರಿಹಾರವು ಸುಲಭವಾಗಿದೆ. ಕಪ್ಪೆಚಿಪ್ಪನ್ನು ಜೋಳದ ನುಚ್ಚಿನ ಗಾತ್ರಕ್ಕೆ ಕುಟ್ಟಿ ಬೇರೊಂದು ಬಟ್ಟಲಿನಲ್ಲಿಡತಕ್ಕದ್ದು. ನುಣ್ಣನೆಯ ಪುಡಿಗಿಂತ ತರಿಯೇ ಮೇಲು. ಅದು ಜಠರದಲ್ಲಿ ನಿಂತು ಮೆಲ್ಲನೆ ಕರಗಿ, ಚಿಪ್ಪು ಕಟ್ಟುವ ರಾತ್ರಿಯ ಹೊತ್ತಿಗೆ ಒದಗುವುದು. ಸಂಜೆ ಗೂಡಿಗೆ ಸೇರುವ ಮೊದಲು ಇದು ಕೋಳಿಗಳ ಕಣ್ಣಮುಂದಿರಲಿ. ಅಡಿಗೆಮನೆಯ ಮೊಟ್ಟೆಯ ಸಿಪ್ಪೆಯನ್ನೂ ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಗುರುತು ಸಿಕ್ಕದಂತೆ ಪುಡಿಮಾಡಿ ಕೊಡಬಹುದು. ಇಡಿಯ ಸಿಪ್ಪೆಯನ್ನು ಎಸೆದರೆ ಕೋಳಿಗಳು ತಮ್ಮ ಮೊಟ್ಟೆಯನ್ನೇ ಕುಕ್ಕಿ ತಿನ್ನುವುದನ್ನು ಕಲಿತಾವು. ತಾಂಬೂಲದ ಸುಣ್ಣವನ್ನು ಮಾತ್ರ ಎಂದಿಗೂ ತಿನ್ನಿಸಕೂಡದು. ಅದು ಬಾಯಿಯನ್ನೂ ಗಂಟಲನ್ನೂ ಸುಡುವುದು. ಮರಿಗಳ ಮೇವಿಗೆ ಚಿಪ್ಪನ್ನು ಬೆರೆಸಲಾಗದು. ಅಧಿಕವಾದ ಸುಣ್ಣವು ಅವುಗಳ ಮೂತ್ರಪಿಂಡಗಳನ್ನು ಕೆಡಿಸುವುದು. ಬಿಸಿಲನ್ನೂ ಮರೆಯಬಾರದು. ಬಿಸಿಲಿನಿಂದ ಮೈಯಲ್ಲಿ ಹುಟ್ಟುವ ‘ಡಿ’ ಜೀವಸತ್ತ್ವವಿಲ್ಲದಿದ್ದರೆ ತಿಂದ ಚಿಪ್ಪು ರಕ್ತಗತವಾಗದು.

ಚಿಪ್ಪನ್ನು ಕೊಟ್ಟರೂ ದೋಷವು ನಿಲ್ಲದಿದ್ದರೆ ಬೇರೆ ಕಾರಣಗಳನ್ನು ಹುಡುಕಬೇಕು. ಪ್ರಾಯಕ್ಕೆ ಬಂದ ಹೇಂಟೆಯ ಮೊದಲ ಕೆಲವು ಮೊಟ್ಟೆಗಳು ಮೆತ್ತಗಿರುವುದು ಸಹಜ. ಮುದಿಕೋಳಿಯ ಚಿಪ್ಪು ತೆಳುವಾಗುವುದೂ ಸಹಜವೇ. ಬೇಸಗೆಯಲ್ಲಿ ಕೋಳಿಯು ಬಾಯ್ದೆರೆದು ಏದುವಾಗ ರಕ್ತದ ಗುಣವು ವ್ಯತ್ಯಾಸಗೊಂಡು ಚಿಪ್ಪು ಸೊರಗುವುದು. ನೆರಳೂ ತಣ್ಣೀರೂ ಆಗ ಔಷಧಕ್ಕೆ ಸಮಾನ. ರಾತ್ರಿ ನಾಯಿಯೋ ಪಟಾಕಿಯೋ ಬೆದರಿಸಿದರೆ ಚಿಪ್ಪು ಪೂರ್ತಿಯಾಗುವ ಮೊದಲೇ ಮೊಟ್ಟೆಯು ಜಾರುವುದುಂಟು. ಹಲವು ಕೋಳಿಗಳು ಒಮ್ಮೆಗೇ ಸೀನುತ್ತ, ಮಂಕಾಗಿ, ಸೊಟ್ಟ ಮೊಟ್ಟೆಗಳನ್ನಿಟ್ಟರೆ ಅದು ಸಾಂಕ್ರಾಮಿಕವೆಂದು ಶಂಕಿಸಿ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಮೆತ್ತನೆಯ ಮೊಟ್ಟೆಯನ್ನು ಮನೆಯವರು ತಿನ್ನದಿರುವುದೇ ಲೇಸು; ಚಿಪ್ಪಿನ ಕಾವಲಿಲ್ಲದಲ್ಲಿ ಕ್ರಿಮಿಗಳು ಬೇಗನೆ ಒಳಸೇರುವುವು.

ಮೊಟ್ಟೆಯೇ ನಿಂತುಹೋದರೂ ಗಾಬರಿಯಾಗಬೇಕಾಗಿಲ್ಲ. ಕಾವಿಗೆ ಕೂತ ಕೋಳಿಯೂ ಗರಿಯುದುರಿಸುವ ಕೋಳಿಯೂ ಇಡುವುದಿಲ್ಲ. ಮಾರ್ಗಶಿರ ಪುಷ್ಯಗಳಲ್ಲಿ ನಮ್ಮ ನಾಡಿನ ಹಗಲು ೧೧ ಘಂಟೆಗಳಿಗಿಂತ ಸ್ವಲ್ಪವೇ ಹೆಚ್ಚು. ಚೆನ್ನಾಗಿ ಮೊಟ್ಟೆಯಿಡುವುದಕ್ಕೆ ೧೪ ಘಂಟೆಗಳ ಬೆಳಕು ಬೇಕು. ಇವು ಪ್ರಕೃತಿಯು ಕೊಡುವ ವಿಶ್ರಾಂತಿಗಳು.

ಆದರೆ ತಡಮಾಡಕೂಡದ ಸಂದರ್ಭವೊಂದುಂಟು. ಹೇಂಟೆಯು ಬಾಲವನ್ನು ಇಳಿಬಿಟ್ಟು, ಮೈಯನ್ನು ನೆಟ್ಟಗೆ ನಿಲ್ಲಿಸಿ, ಗೂಡಿಗೆ ಹೋಗಿ ಬಂದು ಮುಕ್ಕುತ್ತ, ಮೇವನ್ನು ಮುಟ್ಟದಿದ್ದರೆ ಮೊಟ್ಟೆಯು ಒಳಗೆ ಸಿಕ್ಕಿಕೊಂಡಿದೆಯೆಂದು ತಿಳಿಯಬೇಕು. ಮೆತ್ತನೆಯ ಮೊಟ್ಟೆಯೂ ಹೀಗೆ ಸಿಕ್ಕಿಕೊಳ್ಳುವುದುಂಟು. ಏಕೆಂದರೆ ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳಿಗೂ ಕ್ಯಾಲ್ಸಿಯಂ ಬೇಕು. ಮೊಳಕೈಗೆ ಹಿತವಾದ ಬಿಸಿನೀರಿನಲ್ಲಿ ಅದರ ಕೆಳಮೈಯನ್ನು ಕಾಲು ಘಂಟೆ ಮುಳುಗಿಸಿ ಹಿಡಿದು, ಒರಸಿ, ಗುದದ್ವಾರಕ್ಕೆ ಕೊಬ್ಬರಿಯೆಣ್ಣೆಯನ್ನು ಸವರಿ, ಬೆಚ್ಚಗಿನ ಕತ್ತಲೆಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬಿಡಿರಿ. ಹೊಟ್ಟೆಯನ್ನು ಮಾತ್ರ ಹಿಸುಕಬೇಡಿರಿ. ಮೊಟ್ಟೆ ಒಳಗೇ ಒಡೆದರೆ ನಂಜೇರಿ ಪ್ರಾಣಕ್ಕೆ ಅಪಾಯ. ಕೆಲವು ಘಂಟೆಗಳಲ್ಲಿ ಗುಣ ಕಾಣದಿದ್ದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮರುದಿನಕ್ಕೆ ಕಾದರೆ ಕೋಳಿಯು ಉಳಿಯದಿರಬಹುದು.

ಮಕ್ಕಳ ತಟ್ಟೆಗೆ ಮೊಟ್ಟೆಯನ್ನೂ, ಮನೆಯಾಕೆಯ ಸೆರಗಿನ ಗಂಟಿಗೆ ನಾಲ್ಕು ಕಾಸನ್ನೂ ಒದಗಿಸುವ ಪ್ರಾಣಿಯಿದು. ಅದರ ಮೂಳೆಯಿಂದ ಕಡ ಪಡೆಯುವುದರ ಬದಲು, ಸಂಜೆಗೊಂದು ಹಿಡಿ ಚಿಪ್ಪಿನ ತರಿಯನ್ನು ಬಟ್ಟಲಿಗೆ ಹಾಕುವುದು ಯಾವ ಬಡಮನೆಗೂ ಭಾರವಾಗದು.