ಪದವಿಯಿಲ್ಲದ ಪ್ರಾಧ್ಯಾಪಕ ಮತ್ತು ನಮ್ಮ ತರಗತಿ

ಬೋಧನಾಭ್ಯಾಸಕ್ಕಾಗಿ ನಂದಿದುರ್ಗ ಗಣಿ ಪ್ರದೇಶದ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಎಂಟನೇ ತರಗತಿ, ಪಾಠ ವಾತಾವರಣದ ಒತ್ತಡ. ಪೀಠಿಕೆಗೆ ಐದು ನಿಮಿಷ, ಪ್ರಯೋಗಕ್ಕೆ ಹತ್ತು ನಿಮಿಷ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಮಾಡಿ ತೋರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ನಮ್ಮ ತಾತ ಗಣಿಯೊಳಗೆ ಇಳಿಯುವಾಗ ಕಿವಿ ಕಟ್ಟಿಕೊಳ್ತಿತ್ತಂತೆ. ಅದೂ ಇದೇನಾ?" ಎಂದ. ಹಿಂದೆ ವೀಕ್ಷಕರು ಕೂತಿದ್ದರು. ನಾನು ಗಡಿಯಾರ ನೋಡಿ, "ಆಮೇಲೆ ಹೇಳ್ತೀನಿ, ಕೂತ್ಕೋ" ಎಂದೆ. ಆ 'ಆಮೇಲೆ' ಬರಲೇ ಇಲ್ಲ.

ಅದೂ ಇದೇ. ನೆಲದೊಳಗೆ ಒಂದು ಕಿಲೋಮೀಟರ್ ಇಳಿದರೆ ಗಾಳಿಯ ಒತ್ತಡ ಸುಮಾರು ಶೇ. 12ರಷ್ಟು ಹೆಚ್ಚುತ್ತದೆ. ಆ ತಾತ ದಿನಾ ಅದನ್ನು ಕಿವಿಯಲ್ಲೇ ಅಳೆದಿದ್ದರು. ನನ್ನ ಲೋಟದ ಪ್ರಯೋಗಕ್ಕಿಂತ ದೊಡ್ಡ ಪ್ರಯೋಗ ಆ ಹುಡುಗನ ಮನೆಯಲ್ಲೇ ಇತ್ತು. ಅದನ್ನು ಬಾಗಿಲಲ್ಲೇ ತಡೆದವನು ನಾನು.

ಆ ವಾರ ನಾನು ಸಿ.ಎಲ್.ಆರ್. ಜೇಮ್ಸ್ ಅವರ ಬಗ್ಗೆ ಓದುತ್ತಿದ್ದೆ. ಅದಕ್ಕೇ ಈ ತಪ್ಪು ಇಷ್ಟು ಚುಚ್ಚಿತೋ ಏನೋ. ಜೇಮ್ಸ್ 1901ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿದವರು. ತಾವು ಓದಿದ ಕ್ವೀನ್ಸ್ ರಾಯಲ್ ಕಾಲೇಜಿನಲ್ಲೇ ಮೇಷ್ಟರಾದರು. ಮುಂದೆ ಆ ದೇಶದ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ ಅಲ್ಲಿ ಅವರ ಶಿಷ್ಯ. 1932ರಲ್ಲಿ ಇಂಗ್ಲೆಂಡಿಗೆ ಹೋಗಿ, ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಅವರ ಮನೆಯಲ್ಲಿದ್ದುಕೊಂಡು 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಗೆ ಕ್ರಿಕೆಟ್ ವರದಿಗಾರರಾದರು. 1938ರಲ್ಲಿ ಹೈಟಿಯ ಗುಲಾಮರ ಕ್ರಾಂತಿಯ ಕುರಿತು 'ದಿ ಬ್ಲ್ಯಾಕ್ ಜಾಕೊಬಿನ್ಸ್' ಬರೆದರು, 1963ರಲ್ಲಿ ಕ್ರಿಕೆಟ್ ಕುರಿತು 'ಬಿಯಾಂಡ್ ಎ ಬೌಂಡರಿ'. ಕೊನೆಗೆ, ಅರವತ್ತೈದು ದಾಟಿದ ಮೇಲೆ, ಅಮೆರಿಕದ ವಾಷಿಂಗ್ಟನ್ನಿನ ಫೆಡರಲ್ ಸಿಟಿ ಕಾಲೇಜಿನಲ್ಲಿ ಬೋಧಿಸಿದರು. ಅದು ಮುಂದೆ ವಿಶ್ವವಿದ್ಯಾಲಯವಾಯಿತು. ಸ್ವತಃ ಜೇಮ್ಸ್ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದವರಲ್ಲ.

ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಿದ್ದು ಏನು? ನನ್ನ ಉತ್ತರ: ಮೈದಾನದಲ್ಲಿ ನಡೆದದ್ದನ್ನು ಸರಿಯಾಗಿ ನೋಡಿ, ಯಾಕೆ ಹೀಗೆ ಎಂದು ಕೇಳುವ ಅಭ್ಯಾಸ. ವೆಸ್ಟ್ ಇಂಡೀಸ್ ತಂಡಕ್ಕೆ ಬಿಳಿಯರೇ ಯಾಕೆ ನಾಯಕರಾಗುತ್ತಾರೆ ಎಂದು ಅವರು ಪತ್ರಿಕೆಯಲ್ಲಿ ಕೇಳುತ್ತಲೇ ಹೋದರು. 1960-61ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಫ್ರಾಂಕ್ ವೊರೆಲ್ ನಾಯಕರಾದರು.

ಇದೇ ಪ್ರಶ್ನೆ ನಮ್ಮ ನೆಲದಲ್ಲೂ ಇತ್ತು. ಬೆಂಗಳೂರಿನ ರಾಮಚಂದ್ರ ಗುಹಾ ಜೇಮ್ಸ್ ದಾರಿಯಲ್ಲಿ ಎದುರಿನಿಂದ ಬಂದವರು: ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಕ್ರಿಕೆಟ್ ಬರವಣಿಗೆಗೆ ಇಳಿದರು. ಅವರ 2002ರ ಪುಸ್ತಕ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಳವಣಕರ್ ಬಾಲೂ ಅವರನ್ನು ಮತ್ತೆ ನೆನಪಿಗೆ ತಂದಿತು. ಪುಣೆಯಲ್ಲಿ ಪಿಚ್ ನೋಡಿಕೊಳ್ಳುವ ಕೆಲಸದಲ್ಲಿದ್ದ ಬಾಲೂ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಆದರೂ ಜಾತಿಯ ಕಾರಣಕ್ಕೆ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಆಟದ ವರದಿಯನ್ನು ಗಂಭೀರವಾಗಿ ಓದಿದರೆ ಸಮಾಜದ ಪಾಠವೂ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಇಂದಿನ ನಮ್ಮ ನಿಯಮಗಳಲ್ಲಿ ಜೇಮ್ಸ್ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿದ್ದರು. ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಬಾಗಿಲು ತೆರೆದಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವವಿದ್ದವರು ಪದವಿಯ ಷರತ್ತಿಲ್ಲದೆ ಬೋಧಿಸಬಹುದು. ಶಾಲೆಗಳ ಮಟ್ಟದಲ್ಲೂ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಪರಿಣತರನ್ನು ಬೋಧಕರಾಗಿ ಕರೆಯಿರಿ ಎನ್ನುತ್ತದೆ. ಇವನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆದರೆ ನಮ್ಮ ಬೋಧನಾಭ್ಯಾಸದಲ್ಲಿ ಅದಕ್ಕೆ ಒಂದು ಅವಧಿಯೂ ಇಲ್ಲ.

ಹೀಗೆ ಹೇಳುವುದು ನನಗೆ ಸುಲಭವಲ್ಲ. ಬಿ.ಎಸ್ಸಿ., ಬಿ.ಇಡಿ. ಎಂದು ವರ್ಷಗಟ್ಟಲೆ ಓದಿ, ಮನೆಯವರ ಹಣ ಖರ್ಚು ಮಾಡಿಸಿ, ನೇಮಕಾತಿಯ ದಾರಿ ಕಾಯುತ್ತಿರುವವನು ನಾನು. ತರಬೇತಿ ಇಲ್ಲದವರಿಗೂ ತರಗತಿ ತೆರೆಯಿರಿ ಎಂದರೆ ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ ಹಾಗಲ್ಲವೇ ಎಂದು ಗೆಳೆಯರು ಕೇಳಿದರು. ಅಲ್ಲ ಎನ್ನುತ್ತೇನೆ. ಗೊತ್ತಿದ್ದವರೆಲ್ಲ ಕಲಿಸಬಲ್ಲರು ಎಂದೇನಿಲ್ಲ. ಜೇಮ್ಸ್ ಕೂಡ ವರದಿಗಾರರಾಗುವ ಮೊದಲು ಮೇಷ್ಟರಾಗಿದ್ದರು ಎಂಬುದನ್ನು ಮರೆಯಬಾರದು. ತಾತ ಹೇಳುವ ಕಿವಿಯ ಅನುಭವವನ್ನು ಒತ್ತಡದ ಪಾಠಕ್ಕೆ ಜೋಡಿಸಲು, ಮಕ್ಕಳಿಂದ ಸರಿಯಾದ ಪ್ರಶ್ನೆ ಕೇಳಿಸಲು ತರಬೇತಿ ಪಡೆದ ಶಿಕ್ಷಕ ಬೇಕೇ ಬೇಕು. ಆದರೆ ಆ ಶಿಕ್ಷಕ ಮೊದಲು ಬಾಯಿ ಮುಚ್ಚಿ ಕೇಳಲು ಕಲಿಯಬೇಕು.

ಕೆ.ಜಿ.ಎಫ್.ನಲ್ಲಿ ಇದಕ್ಕೆ ತಡಮಾಡುವಂತಿಲ್ಲ. ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದು ಮೂವತ್ತರ ಹರೆಯದಲ್ಲಿದ್ದವರೂ ಈಗ ಐವತ್ತು ದಾಟಿದ್ದಾರೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ಇಲ್ಲಿನ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದರು. ಅಂದು ಪ್ರಾಧ್ಯಾಪಕರು ಗಣಿಗೆ ಇಳಿದು ಬಂದರು. ಗಣಿಯಲ್ಲಿ ದುಡಿದವರನ್ನು ನಾವು ಇನ್ನೂ ತರಗತಿಗೆ ಕರೆದಿಲ್ಲ.

ನನ್ನ ಸಲಹೆ ಚಿಕ್ಕದು. ಪ್ರತಿ ಪ್ರಶಿಕ್ಷಣಾರ್ಥಿಯ ಬೋಧನಾಭ್ಯಾಸದಲ್ಲಿ ಒಂದು ಪಾಠವಾದರೂ ಊರಿನ ಅನುಭವಿಯೊಬ್ಬರ ಜೊತೆ ನಡೆಯಲಿ. ಅವರು ಗಣಿ ಕಾರ್ಮಿಕರಿರಬಹುದು, ಬಂಗಾರಪೇಟೆಯ ರೈಲ್ವೆ ನೌಕರರಿರಬಹುದು, ಹಾಕಿ ಆಡಿದವರಿರಬಹುದು. ಪ್ರಶ್ನೆಗಳನ್ನು ಪ್ರಶಿಕ್ಷಣಾರ್ಥಿ ಸಿದ್ಧಪಡಿಸಲಿ, ಅದಕ್ಕೂ ಅಂಕವಿರಲಿ. ವೀಕ್ಷಣಾ ಪತ್ರದಲ್ಲಿ 'ಮಕ್ಕಳ ಅನುಭವವನ್ನು ಪಾಠಕ್ಕೆ ಬಳಸಿದ ರೀತಿ' ಎಂಬ ಒಂದು ಸಾಲು ಸೇರಲಿ.

ಬೋಧನಾಭ್ಯಾಸ ಮುಗಿಯುವ ಹಿಂದಿನ ದಿನ ಆ ಹುಡುಗನನ್ನು ಹುಡುಕಿ, ಅವನ ಪ್ರಶ್ನೆಗೆ ಉತ್ತರ ಹೇಳಿದೆ. ಭಾನುವಾರ ಅವನ ಮನೆಗೂ ಹೋದೆ. ತಾತ ಕನ್ನಡ, ತಮಿಳು ಎರಡನ್ನೂ ಬೆರೆಸಿ ಒಂದು ಗಂಟೆ ಮಾತಾಡಿದರು. ಕಿವಿ ಕಟ್ಟಿದಾಗ ಎಂಜಲು ನುಂಗಬೇಕೆಂದು ಹೊಸಬರಿಗೆ ತಾವೇ ಹೇಳಿಕೊಡುತ್ತಿದ್ದೆ ಎಂದರು. ಪಕ್ಕದಲ್ಲಿ ಕೂತಿದ್ದ ಮೊಮ್ಮಗ, ನುಂಗಿದರೆ ಯಾಕೆ ಸರಿಹೋಗುತ್ತದೆ ಎಂದು ನನ್ನನ್ನು ಕೇಳಿದ. ಈ ಸಲ ನಾನು ಗಡಿಯಾರ ನೋಡಲಿಲ್ಲ.