ಒಬ್ಬರ ವೀಳ್ಯ, ಊರಿಗೆಲ್ಲ ಆಟ

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಯವರೆಗಿನ ಕರಾವಳಿಯಲ್ಲಿ ಕೊಯ್ಲು ಮುಗಿದು ಗದ್ದೆಗಳು ಬರಿದಾದವೆಂದರೆ, ರಾತ್ರಿಯ ಗಾಳಿಯಲ್ಲಿ ಚಂಡೆಯ ದನಿ ತೇಲಿಬರತೊಡಗುತ್ತದೆ. ಯಾರೋ ಗೃಹಸ್ಥರು ಮಗನ ಕಾಯಿಲೆ ಗುಣವಾದುದಕ್ಕೋ, ಮನೆ ಕಟ್ಟಿ ಮುಗಿಸಿದುದಕ್ಕೋ ಆಟ ಆಡಿಸುವ ಹರಕೆ ಹೊತ್ತಿರುತ್ತಾರೆ. ಮೇಳಕ್ಕೆ ವೀಳ್ಯ ಕೊಡುವವರು ಅವರೊಬ್ಬರೇ. ಆಟ ನೋಡುವವರು ಹತ್ತೂರಿನ ಜನ. ಅಲ್ಲಿ ಟಿಕೀಟಿಲ್ಲ, ಬಾಗಿಲಿಲ್ಲ. ಚಾಪೆ ತಂದವನು ಚಾಪೆಯ ಮೇಲೆ, ತರದವನು ನೆಲದ ಮೇಲೆ. ಬೆಳಗಾದ ಬಳಿಕ ಆ ಗೃಹಸ್ಥರು, 'ಹಣ ನನ್ನದು, ಈ ಪದವನ್ನು ನೀವು ಗುನುಗಕೂಡದು' ಎಂದು ಯಾರನ್ನೂ ತಡೆಯುವುದಿಲ್ಲ.

ಇಂಥದೇ ನ್ಯಾಯವನ್ನು ಕಾಗದದ ಮೇಲೆ ಬರೆದಿಟ್ಟ ಸಂಸ್ಥೆಯೊಂದು ಅಮೆರಿಕದಲ್ಲಿದೆ. 2001ರಲ್ಲಿ ಸ್ಥಾಪಿತವಾದ ಅದರ ಹೆಸರು ಕ್ರಿಯೇಟಿವ್ ಕಾಮನ್ಸ್. 2002ರ ಡಿಸೆಂಬರಿನಲ್ಲಿ ಅದು ಮುಕ್ತ ಪರವಾನಗಿಗಳನ್ನು ಹೊರತಂದಿತು. ಲೇಖಕನು ಅವುಗಳಲ್ಲೊಂದನ್ನು ತನ್ನ ಕೃತಿಗೆ ಲಗತ್ತಿಸಿದರೆ, ಬೇಕಾದವರು ಅದನ್ನು ಪ್ರತಿಮಾಡಿ ಹಂಚಬಹುದು; ಕರ್ತೃವಿನ ಹೆಸರನ್ನು ಮಾತ್ರ ಹೇಳಲೇಬೇಕು. 'ವ್ಯಾಪಾರಕ್ಕೆ ಬಳಸಬೇಡಿ', 'ತಿದ್ದಬೇಡಿ' ಎಂಬ ಕಟ್ಟಳೆಗಳನ್ನು ಅವನು ಇಚ್ಛಿಸಿದರೆ ಸೇರಿಸಬಹುದು. ಇದಕ್ಕೆ ಶುಲ್ಕವಿಲ್ಲ, ಸಂಸ್ಥೆ ದೇಣಿಗೆಗಳನ್ನು ನೆಚ್ಚಿ ನಡೆಯುತ್ತದೆ.

ಅಷ್ಟು ದೂರದ ಏರ್ಪಾಡು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಮರಣಾನಂತರ 50 ವರ್ಷ ಹಕ್ಕು ಉಳಿಯುತ್ತಿತ್ತು. 1992ರಲ್ಲಿ ಅದನ್ನು 60 ವರ್ಷಕ್ಕೆ ಏರಿಸಲಾಯಿತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು, 1901ರಲ್ಲಿ ತೀರಿಕೊಂಡ ಮುದ್ದಣನ 'ರತ್ನಾವತಿ ಕಲ್ಯಾಣ' ಇಂದು ಎಲ್ಲರ ಸೊತ್ತು. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಬರಹಗಳ ಹಕ್ಕು 2057ರ ಕೊನೆಯವರೆಗೆ ಇರುತ್ತದೆ. ಹವ್ಯಾಸಿ ಸಂಘದವರು ಪ್ರೇಕ್ಷಕರಿಂದ ಹಣ ಪಡೆಯದೆ ನಾಟಕವಾಡಿದರೆ ಕಾಯಿದೆ ಅಡ್ಡಬರುವುದಿಲ್ಲ. ಆದರೆ ಇಡೀ ಕೃತಿಯನ್ನು ಅಚ್ಚುಹಾಕಿ ಊರಿಗೆ ಹಂಚುವುದಕ್ಕೆ ಅನುಮತಿ ಬೇಕು. ಕವಿಯ ಮಕ್ಕಳು ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ವಿದೇಶದಲ್ಲಿ ನೆಲಸಿದ್ದರೆ ಕೇಳುವುದು ಯಾರನ್ನು? ಆ ಹುಡುಕಾಟ ಮುಗಿಯುವವರೆಗೆ ಗೆದ್ದಲು ಕಾಯುವುದಿಲ್ಲ. ಸಮುದ್ರದ ತೇವವೂ ಕಾಯುವುದಿಲ್ಲ.

ಯಕ್ಷಗಾನದ ಮರ್ಮವೂ ಇಲ್ಲಿ ವಿಚಾರಾರ್ಹ. ಪ್ರಸಂಗಕರ್ತನು ಬರೆಯುವುದು ಪದ್ಯಗಳನ್ನು. ಭಾಗವತರು ಅವನ್ನು ಹಾಡುತ್ತಾರೆ. ಅರ್ಥವನ್ನು ವೇಷಧಾರಿ ರಂಗದಲ್ಲಿಯೇ ಕಟ್ಟುತ್ತಾನೆ. ಒಬ್ಬನ ಪದ್ಯದ ಮೇಲೆ ನೂರು ಜನರು ತಮ್ಮ ತಮ್ಮ ಮಾತನ್ನು ಬೆಳೆಸಿದುದರಿಂದಲೇ ಈ ಕಲೆ ಉಳಿದುಬಂದಿದೆ.

ಹಾಗಾದರೆ ಎಲ್ಲವನ್ನೂ ಧಾರಾಳವಾಗಿ ಕೊಟ್ಟ ಕವಿ ಉಣ್ಣುವುದೇನನ್ನು? ನ್ಯಾಯವಾದ ಪ್ರಶ್ನೆ. 1934ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಮಗ ಶಂಭು ಹೆಗಡೆಯವರು ಅದನ್ನು ದೇಶವಿದೇಶಗಳಿಗೆ ಒಯ್ದರು. ಚಪ್ಪಾಳೆಯೊಂದರಿಂದಲೇ ಮೇಳ ನಡೆಯುವುದಿಲ್ಲವೆಂಬುದನ್ನು ಇಂಥ ಮನೆತನಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟಿಕೀಟು ಮಾರುವ ಡೇರೆ ಮೇಳಗಳು ಹುಟ್ಟಿದುದೂ ಇದೇ ಕಾರಣಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹರಕೆಯ ಆಟ ಇನ್ನೊಂದು ಮಾರ್ಗವನ್ನು ತೋರಿಸುತ್ತದೆ. ಅಲ್ಲಿ ಕಲಾವಿದನು ಪುಕ್ಕಟೆ ಕುಣಿಯುವುದಿಲ್ಲ. ಅವನ ಸಂಭಾವನೆ ಮೊದಲೇ ಗೊತ್ತಾಗಿರುತ್ತದೆ. ನೋಡುವವನಿಗೆ ಮಾತ್ರ ಖರ್ಚಿಲ್ಲ. ಮುಕ್ತ ಪರವಾನಗಿಗಾಗಿ ಕೂಡಿಸುವ ದೇಣಿಗೆಯ ಸ್ವರೂಪವೂ ಹೀಗೆಯೇ ಇರತಕ್ಕದ್ದು.

ಕನ್ನಡದಲ್ಲಿ ಇದಕ್ಕೆ ನಾಂದಿಯಾಗಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು. ಅದೇ ವರ್ಷ 'ಚಿರಸ್ಮರಣೆ'ಯ ನಿರಂಜನರ ಕೃತಿಗಳನ್ನೂ ಅವರ ಕುಟುಂಬದವರು ಹಾಗೆಯೇ ಬಿಟ್ಟುಕೊಟ್ಟರು. ಅನುಮತಿ ದೊರೆತ ಮಾತ್ರಕ್ಕೆ ಪುಸ್ತಕ ಓದುಗನ ಕೈಸೇರುವುದಿಲ್ಲ. ಹಾಳೆಗಳ ಚಿತ್ರ ತೆಗೆಯಬೇಕು, ಬೆರಳಚ್ಚು ಮಾಡಬೇಕು, ಕರಡು ತಿದ್ದಬೇಕು. ಹಣದ ಅಗತ್ಯ ಇಲ್ಲಿ ಮೊದಲು ಕಾಣುತ್ತದೆ.

ಪರವೂರುಗಳಲ್ಲಿ ನೆಲಸಿದ ನಮ್ಮ ಕರಾವಳಿಯ ಕುಟುಂಬಗಳು ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಉದಾರವಾಗಿ ಕೊಡುತ್ತವೆ. ಅಂಥ ಹತ್ತು ಮನೆಗಳು ಕೂಡಿ ಬದುಕಿರುವ ಕವಿಯೊಬ್ಬರನ್ನು ಕಂಡು, ಯೋಗ್ಯ ಸಂಭಾವನೆಯನ್ನಿತ್ತು, 'ಈ ಪ್ರಸಂಗವನ್ನು ಎಲ್ಲರಿಗೂ ಬಿಟ್ಟುಕೊಡುವಿರಾ?' ಎಂದು ವಿನಯದಿಂದ ಕೇಳಲಿ. ಒಲ್ಲೆನೆಂದರೆ ಅದು ಅವರ ಹಕ್ಕು, ಬಲವಂತ ಸಲ್ಲದು. ಒಪ್ಪಿದರೆ ಪುಸ್ತಕದ ಮೊದಲ ಪುಟದಲ್ಲಿ ಕವಿಯ ಹೆಸರು ದೊಡ್ಡಕ್ಷರದಲ್ಲಿ ಬರಲಿ. ಅದರ ಕೆಳಗೆ, ಆಟದ ಕರಪತ್ರದಲ್ಲಿ ಅಚ್ಚಾಗುವಂತೆಯೇ, ಸೇವಾಕರ್ತರ ಹೆಸರೂ ಇರಲಿ.