ಕುಂಡದ ಮಣ್ಣೂ ತಿಪ್ಪೆಯ ಋಣವೂ

ತಿಪ್ಪೆ ಎಂಬುದು ಇಂದಿನ ನಾಗರಿಕರ ಕಿವಿಗೆ ಹೇಯವಾದ ಶಬ್ದ. ತಿಪ್ಪೆ ಸಾರಿಸುವುದೆಂದರೆ ಹುಳುಕನ್ನು ಮುಚ್ಚಿಡುವುದೆಂಬ ಅರ್ಥವೊಂದೇ ಪೇಟೆಯ ಮಾತಿನಲ್ಲಿ ಉಳಿದುಕೊಂಡಿದೆ. ಆದರೆ ಕನ್ನಡ ನಾಡಿನ ಒಕ್ಕಲುಮಕ್ಕಳಿಗೆ ಈ ಶಬ್ದ ಹೇಯವಾಗಿರಲಿಲ್ಲ. ಚಿತ್ರದುರ್ಗ, ಬಳ್ಳಾರಿ ಸೀಮೆಗಳಲ್ಲಿ ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಎಂಬ ಹೆಸರುಗಳು ಊರೂರಿನಲ್ಲಿಯೂ ಕೇಳಿಬರುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಅದರ ಹೆಸರನ್ನೇ ಇಟ್ಟು, ತಿಪ್ಪೆಯಿಂದಲೇ ಅದನ್ನು ಮರಳಿ ಪಡೆದಂತೆ ಭಾವಿಸುತ್ತಿದ್ದರು. ಬಲಿಪಾಡ್ಯಮಿಯಂದು ತಿಪ್ಪೆಗೆ ದೀಪವಿಟ್ಟು ಪೂಜಿಸುವ ಪದ್ಧತಿ ಹಲವು ಹಳ್ಳಿಗಳಲ್ಲಿ ಇಂದಿಗೂ ಇದೆ. ಸತ್ತದ್ದು ಮರಳಿ ಜೀವವಾಗುವ ಸ್ಥಾನವದು ಎಂಬ ತಿಳಿವಳಿಕೆಯೇ ಈ ಆಚರಣೆಗಳ ಬೇರು. ಈ ತಿಳಿವಳಿಕೆಯನ್ನು ಹಳ್ಳಿಯಲ್ಲಿಯೇ ಬಿಟ್ಟು ನಗರವನ್ನು ಸೇರಿದವರು, ಅದನ್ನೇ ಇಂದು ಪರದೇಶದ ಹೆಸರಿನಲ್ಲಿ ಬೆಲೆ ಕೊಟ್ಟು ಕೊಳ್ಳುತ್ತಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಗ್ರಾಮಾಂತರದ ಶಾಲೆಗಳಲ್ಲಿಯೂ ಪ್ರಸಾದನಿಲಯಗಳಲ್ಲಿಯೂ ಓದಿ ಬೆಳೆದ ಎಷ್ಟೋ ಮಂದಿ ಈಗ ಬೆಂಗಳೂರಿನ ಪೂರ್ವದಿಕ್ಕಿನ ಬಡಾವಣೆಗಳಲ್ಲಿ ನೆಲೆಸಿದ್ದಾರೆ. ಕುಂದಲಹಳ್ಳಿಗೆ ಹೊಂದಿಕೊಂಡ ಬ್ರೂಕ್‌ಫೀಲ್ಡ್ ಅಂಥವುಗಳಲ್ಲೊಂದು. ಈ ಸೀಮೆಯ ಪೂರ್ವವೃತ್ತಾಂತವು ಮಣ್ಣಿಗೇ ಸಂಬಂಧಪಟ್ಟದ್ದು. ಸಮೀಪದ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯದವರಿಗೆ ಕೃಷಿಮಾಡಿ ಬಾಳಲೆಂದು ಕೊಟ್ಟ ಭೂಮಿಯ ಮೇಲೆ. ಸುತ್ತಲೂ ಕೆಮ್ಮಣ್ಣಿನ ರಾಗಿಹೊಲಗಳೂ ಕೆರೆಗಳೂ ಇದ್ದವು. ವರ್ತೂರಿನ ಬಳಿಯ ಸೊರಹುನಸೆ ಗ್ರಾಮವು ಸಾವಯವ ಕೃಷಿಯ ಹಿರಿಯ ಪ್ರತಿಪಾದಕರಾಗಿದ್ದು 2019ರಲ್ಲಿ ಕಾಲವಾದ ಎಲ್. ನಾರಾಯಣರೆಡ್ಡಿಯವರ ಊರು. ಮಣ್ಣನ್ನು ಸಾಕುವ ವಿದ್ಯೆಯನ್ನು ನಾಡಿಗೆಲ್ಲ ಬೋಧಿಸಿದವರು ಹುಟ್ಟಿದ ನೆಲದಲ್ಲಿಯೇ ಈಗ ಬಹುಮಹಡಿಯ ಕಟ್ಟಡಗಳು ಎದ್ದಿವೆ. ಅಲ್ಲಿ ಮಣ್ಣು ಕಾಣಸಿಗುವುದು ಕುಂಡಗಳಲ್ಲಿ ಮಾತ್ರ.

ಕುಂಡದಲ್ಲಿ ಒಂದು ಗಿಡವನ್ನಿಡಬೇಕೆಂಬ ಆಸೆ ನಿಂದ್ಯವಲ್ಲ. ಹಳ್ಳಿಯ ಅಂಗಳವನ್ನು ಕಳೆದುಕೊಂಡವನು ಕಿಟಕಿಯ ಬಳಿ ದೊಡ್ಡಪತ್ರೆಯನ್ನೋ ಮನಿಪ್ಲಾಂಟನ್ನೋ ಬೆಳೆಸಿದರೆ ಅದು ಅವನ ಹೃದಯದಲ್ಲಿ ಉಳಿದಿರುವ ಹಸಿರಿನ ಗುರುತು. ಆಕ್ಷೇಪವಿರುವುದು ಅದರ ಕ್ರಮದಲ್ಲಿ. 'ಜೀವಂತ ಮಣ್ಣು' ಎಂಬ ಹಣೆಪಟ್ಟಿಯ ಚೀಲಗಳು, 'ಕಾಂಪೋಸ್ಟ್ ಚಹಾ' ಎಂಬ ದ್ರವದ ಸೀಸೆಗಳು ಮುಂಬಾಗಿಲಿನಿಂದ ಮನೆಯೊಳಗೆ ಬರುತ್ತವೆ. ಅದೇ ದಿನ ಅದೇ ಮನೆಯ ಬಾಳೆಯ ಸಿಪ್ಪೆ, ಸೊಪ್ಪಿನ ದಂಟು, ಮಿಕ್ಕ ಅನ್ನ ಹಿಂಬಾಗಿಲಿನಿಂದ ಹೊರಟು ಲಾರಿ ಹತ್ತುತ್ತವೆ. ಬಡಾವಣೆಯ ಮರಗಳು ಉದುರಿಸಿದ ತರಗನ್ನು ಗುಡಿಸಿ ರಸ್ತೆಯ ಮಗ್ಗುಲಲ್ಲಿ ಸುಡುವುದೂ ಉಂಟು. ಎಲೆಗೊಬ್ಬರವನ್ನು ಮಾತ್ರ ಹಣ ತೆತ್ತು ತರಿಸಲಾಗುತ್ತದೆ. ಮಣ್ಣಾಗಬೇಕಾದದ್ದನ್ನು ಕಳೆದು ಮಣ್ಣನ್ನು ಕೊಳ್ಳುವ ಈ ಪರಿ ಬರಿಯ ಅವಿವೇಕವಾಗಿದ್ದರೆ ನಕ್ಕು ಸುಮ್ಮನಿರಬಹುದಾಗಿತ್ತು. ಇದರಲ್ಲಿ ಪರರಿಗಾದ ಹಿಂಸೆಯೂ ಅಡಗಿದೆ.

ಲಾರಿ ಹತ್ತಿದ ಕಸ ಎಲ್ಲಿಗೆ ಹೋಯಿತೆಂಬುದನ್ನು ಬೆಂಗಳೂರು ಬಹುಕಾಲ ಕೇಳಲಿಲ್ಲ. ಉತ್ತರ ದಿಕ್ಕಿನ ಮಾವಳ್ಳಿಪುರದಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತಾಗ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಮಂಡೂರು ದೂರದ ಊರಲ್ಲ. ಬ್ರೂಕ್‌ಫೀಲ್ಡ್ ಇರುವ ಬೆಂಗಳೂರು ಪೂರ್ವ ತಾಲ್ಲೂಕಿನದೇ ಗ್ರಾಮ. ಅಲ್ಲಿಯ ಜನರು ನೀರು ಕೆಟ್ಟಿತೆಂದೂ ಮಕ್ಕಳು ರೋಗಕ್ಕೆ ತುತ್ತಾದರೆಂದೂ ಗೋಳಿಟ್ಟರು, ರಸ್ತೆಗಿಳಿದು ಹೋರಾಡಿದರು. 2014ರ ಕೊನೆಗೆ ಅಲ್ಲಿಯೂ ಕಸದ ಲಾರಿಗಳು ನಿಂತವು. ನಗರದ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಳೆತು ಗೊಬ್ಬರವಾಗತಕ್ಕ ಹಸಿಕಸವೇ. ಪ್ಲಾಸ್ಟಿಕ್ಕು, ಗಾಜು, ಔಷಧಗಳೊಡನೆ ಬೆರೆತು ಗಾಳಿಯಿಲ್ಲದ ರಾಶಿಯಲ್ಲಿ ಹೂತುಹೋದಾಗ ಅದೇ ಪದಾರ್ಥ ವಿಷದ ರಸವನ್ನು ಸುರಿಸುತ್ತದೆ. ಒಬ್ಬರ ಕಿಟಕಿಯ ಹಸಿರಿಗೆ ಆಹಾರವಾಗಬೇಕಾದದ್ದು ಇನ್ನೊಬ್ಬರ ಬಾವಿಗೆ ಕೇಡಾದದ್ದು ಹೀಗೆ. 2012ರಲ್ಲಿ ಉಚ್ಚ ನ್ಯಾಯಾಲಯದ ನಿರ್ದೇಶನದಂತೆಯೂ 2016ರಲ್ಲಿ ಕೇಂದ್ರ ಸರ್ಕಾರದ ನಿಯಮಗಳಂತೆಯೂ ಮನೆಯಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂಬ ವಿಧಿ ಬಂದಿತು. ಆದರೆ ಬೇರ್ಪಡಿಸಿ ಕೊಟ್ಟುಬಿಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲ.

ಜೀವಂತ ಮಣ್ಣೆಂದರೆ ಏನು? ಫಲವತ್ತಾದ ಒಂದು ಗ್ರಾಂ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಗಳಿರಬಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ. ಶಿಲೀಂಧ್ರಗಳು, ಏಕಕೋಶಜೀವಿಗಳು, ಸೂಕ್ಷ್ಮ ಹುಳುಗಳು ಬೇರೆ. ಇವು ಒಂದನ್ನೊಂದು ತಿಂದು ವಿಸರ್ಜಿಸಿದ್ದೇ ಗಿಡದ ಬೇರಿಗೆ ಅನ್ನ. ಇಂಥ ಸಂಸಾರವನ್ನು ಒಣಗಿಸಿ, ಚೀಲದಲ್ಲಿ ಬಿಗಿದು, ತಿಂಗಳುಗಟ್ಟಲೆ ಉಗ್ರಾಣದಲ್ಲಿಟ್ಟು ಮಾರಿದರೆ ಅದರಲ್ಲಿ ಎಷ್ಟು ಜೀವ ಉಳಿದೀತು? ತಿಪಟೂರು, ಅರಸೀಕೆರೆಗಳ ತೆಂಗಿನ ಸೀಮೆಯಲ್ಲಿ ದೊರೆಯುವ ನಾರಿನ ಪುಡಿ ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಬೇರಿಗೆ ಗಾಳಿಯನ್ನೂ ಕೊಡುತ್ತದೆ. ಆದರೆ ಅದರಲ್ಲಿ ಸಾರವು ಅತ್ಯಲ್ಪ. ಅದು ಮಣ್ಣಿನ ಸಹಾಯಕ, ಮಣ್ಣಲ್ಲ.

ಮನೆಯಲ್ಲಿ ಇದನ್ನು ಮಾಡುವುದು ಕಠಿಣವಲ್ಲ. ಬದಿಗಳಲ್ಲಿ ತೂತುಗಳಿರುವ ಮಣ್ಣಿನ ಗಡಿಗೆಯೊಂದರಲ್ಲಿ ಒಂದು ಪಾಲು ಅಡುಗೆಮನೆಯ ಹಸಿಕಸಕ್ಕೆ ಎರಡು ಪಾಲು ಒಣತರಗನ್ನು ಪದರಪದರವಾಗಿ ಹಾಕಿ, ಹಿಂಡಿದ ಬಟ್ಟೆಯಷ್ಟು ತೇವವನ್ನು ಕಾಪಾಡಿ, ವಾರಕ್ಕೊಮ್ಮೆ ಮಗುಚಿದರೆ ಎರಡು ಮೂರು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ದುರ್ವಾಸನೆ ಬಂದರೆ ತರಗು ಸಾಲದೆಂದು ತಿಳಿಯಬೇಕು. ಈ ಗೊಬ್ಬರ ಒಂದು ಪಾಲು, ಸ್ಥಳೀಯ ಕೆಮ್ಮಣ್ಣು ಒಂದು ಪಾಲು, ಮರಳು, ಇಟ್ಟಿಗೆಯ ಚೂರು ಅಥವಾ ತೊಳೆದ ನಾರಿನ ಪುಡಿ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ: ಇವನ್ನು ಬೆರೆಸಿ ತೇವಮಾಡಿ ಮೂರು ವಾರ ನೆರಳಿನಲ್ಲಿಟ್ಟರೆ ಮಣ್ಣು ಹದಗೊಳ್ಳುತ್ತದೆ. ಅನಂತರವೇ ಗಿಡ. ಮೇಲೆ ಒಣ ಎಲೆಯ ಹೊದಿಕೆ ಇದ್ದರೆ ನೀರು ಬೇಗ ಆರುವುದಿಲ್ಲ. 2024ರ ಬೇಸಗೆಯಲ್ಲಿ ಟ್ಯಾಂಕರಿನ ಸಾಲಿನಲ್ಲಿ ಕಾದುನಿಂತ ಬಡಾವಣೆಗಳಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ.

ಇನ್ನು ಕಾಂಪೋಸ್ಟ್ ಚಹಾ. ಹೆಸರು ಹೊಸದು, ವಿದ್ಯೆ ಹಳೆಯದು. ಸುರಪಾಲನ ವೃಕ್ಷಾಯುರ್ವೇದದಲ್ಲಿ ಕುಣಪಜಲವೆಂಬ ಹುದುಗಿಸಿದ ದ್ರವಗೊಬ್ಬರದ ವಿಧಾನವಿದೆ. ಕನ್ನಡದಲ್ಲಿಯೇ ಕ್ರಿ.ಶ. 1025ರ ಸುಮಾರಿಗೆ, ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸಾವಿರ ವರ್ಷಗಳ ಹಿಂದೆ ಗಿಡದ ಆರೈಕೆಯನ್ನು ಲೋಕಕ್ಕೆ ಉಪಕಾರವೆಂದು ಎಣಿಸಿದ ಭಾಷೆ ಇದು. ಇತ್ತೀಚೆಗೆ ಸುಭಾಷ್ ಪಾಳೇಕರರು ಪ್ರಚಾರಪಡಿಸಿ, ಕರ್ನಾಟಕದ ರೈತರು ಕೈಗೊಂಡ ಜೀವಾಮೃತವೂ ಇದೇ ಕುಲದ್ದು: 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಮನೆಯ ಕುಂಡಗಳಿಗೆ ಇಷ್ಟು ಬೇಡ. ಹತ್ತು ಲೀಟರ್ ನೀರಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಕಿಲೋ ಮಾಗಿದ ಗೊಬ್ಬರವನ್ನು ಒಂದು ದಿನ ಇಳಿಬಿಟ್ಟು, ಆಗಾಗ ಕಲಕುತ್ತಲೋ ಮೀನಿನ ತೊಟ್ಟಿಯ ಗಾಳಿಯಂತ್ರವನ್ನು ಹಚ್ಚಿಯೋ ಉಸಿರಾಡಿಸಿದರೆ ಸಾಕು. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದಮೇಲೆ ಬಳಸತಕ್ಕದ್ದು. ಸಿದ್ಧವಾದ ದ್ರವವು ಮೊದಲ ಮಳೆಯ ನೆಲದಂತೆ ಕಂಪಿಡಬೇಕು. ನಾತ ಹೊಡೆದರೆ ಚೆಲ್ಲಬೇಕು. ಮಾಡಿದ ದಿನವೇ ಬಳಸಬೇಕು. ಸೀಸೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟದ್ದು ಗಾಳಿಯಾಡಿಸಿದ ಚಹಾ ಎನಿಸಲಾರದು.

ಸತ್ಯವನ್ನು ಮರೆಮಾಚದೆ ಹೇಳುವುದಾದರೆ, ಈ ದ್ರವವು ಸಂಜೀವಿನಿಯಲ್ಲ. ಅದು ರೋಗವನ್ನು ತಡೆಯುವುದೆಂಬ ವಿಷಯದಲ್ಲಿ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಬೆಲ್ಲ ಹೆಚ್ಚಾಗಿ, ಗೊಬ್ಬರ ಅರೆಮಾಗಿದ್ದರೆ ಹೊಟ್ಟೆಯ ರೋಗಗಳ ಕ್ರಿಮಿಗಳೂ ಅದರಲ್ಲಿ ವೃದ್ಧಿಯಾಗಬಹುದು. ಮನೆಯ ಸಣ್ಣ ಗಡಿಗೆಯು ದೊಡ್ಡ ರಾಶಿಯಷ್ಟು ಕಾಯುವುದಿಲ್ಲವಾದ್ದರಿಂದ, ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಇದನ್ನು ಚಿಮುಕಿಸಲಾಗದು. ಮೇಲಾಗಿ ಮನೆಯೊಳಗಿನ ಗಿಡಕ್ಕೆ ಮೊದಲ ಕೊರತೆ ಬೆಳಕಿನದು. ಬಯಲಿನ ನಡುಹಗಲಿನ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟಿದರೆ ಕೊಠಡಿಯ ಮೂಲೆಯಲ್ಲಿ ಅದು ಕೆಲವು ನೂರಕ್ಕೆ ಇಳಿಯುತ್ತದೆ. ಬೆಳಕಿಲ್ಲದ ಗಿಡಕ್ಕೆ ಹೆಚ್ಚು ಉಣಿಸಿದರೆ ಅದಕ್ಕೆ ಅಜೀರ್ಣವೇ ಸರಿ; ಬೇರು ಕೊಳೆಯುತ್ತದೆ, ಸಣ್ಣ ನೊಣಗಳು ಮುತ್ತುತ್ತವೆ. ಗೊಬ್ಬರವೇ ಮುಖ್ಯ, ಚಹಾ ಉಪಚಾರ. ಇದನ್ನರಿಯದೆ ಸೀಸೆಗೆ ಮರುಳಾಗುವವರು ಊಟವನ್ನು ಬಿಟ್ಟು ಟಾನಿಕ್ಕಿನಿಂದ ಬದುಕಹೊರಟವರಂತೆ.

ಸ್ಥಳವಿಲ್ಲ, ಸಮಯವಿಲ್ಲ, ನೆರೆಯವರು ಒಪ್ಪುವುದಿಲ್ಲ ಎಂಬ ಮಾತುಗಳು ಕೇಳಿಬರುತ್ತವೆ. ಇವು ಪೂರಾ ಸುಳ್ಳಲ್ಲ. ಬೆಳಗಾಗುವ ಮುನ್ನ ಹೊರಟು ರಾತ್ರಿ ಮರಳುವ ದಂಪತಿಗಳಿಗೆ ಗಡಿಗೆಯನ್ನು ಮಗುಚುವುದೂ ಹೊರೆಯೇ. ಆದರೆ ಒಂದು ಕಟ್ಟಡದ ನೂರು ಮನೆಗಳು ಕೂಡಿ ಒಂದು ಗೊಬ್ಬರದ ತೊಟ್ಟಿಯನ್ನು ನಡೆಸಲು ಅಡ್ಡಿಯೇನು? ಬೆಂಗಳೂರಿನ ಎಷ್ಟೋ ವಸತಿಸಮುಚ್ಚಯಗಳು ಇದನ್ನು ನಡೆಸಿ ತೋರಿಸಿವೆ. ಕಸದಿಂದ ಗೊಬ್ಬರ ಮಾಡಲೆಂದೇ 1975ರಷ್ಟು ಹಿಂದೆಯೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಸ್ಥಾಪಿತವಾದ ನಗರ ಇದು. ಇಲ್ಲಿ ಕೊರತೆಯಿರುವುದು ವಿದ್ಯೆಯದಲ್ಲ, ಶ್ರದ್ಧೆಯದು.

ಶ್ರದ್ಧೆಯನ್ನು ಬಿತ್ತುವ ಸ್ಥಳ ಪಾಠಶಾಲೆ. ನೂರಾರು ಮಕ್ಕಳಿಗೆ ನಿತ್ಯ ಅನ್ನ ನೀಡುವ ಶಾಲೆಯ ಅಡುಗೆಮನೆಯ ಹಿಂದೆ ತರಕಾರಿಯ ಸಿಪ್ಪೆ ಗುಡ್ಡೆ ಬೀಳುತ್ತದೆ. ವಿಜ್ಞಾನದ ಅಧ್ಯಾಪಕರು ಅದನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ಒಂದೊಂದು ತರಗತಿಗೆ ಒಂದೊಂದು ಗುಂಡಿಯನ್ನು ಒಪ್ಪಿಸಿದರೆ, ಕೊಳೆಯುವಿಕೆಯ ಪಾಠಕ್ಕೆ ಬೇರೆ ಚಿತ್ರಪಟ ಬೇಕಾಗದು. ಕೈಗೆ ಮಣ್ಣು ಹತ್ತಿಸಿಕೊಂಡು ಬೆಳೆದ ಮಗು ನಾಳೆ ಹತ್ತನೆಯ ಮಹಡಿಯಲ್ಲಿ ನೆಲೆಸಿದರೂ ಸಿಪ್ಪೆಯನ್ನು ಕಸವೆಂದು ಕಾಣದು. ದಾನಿಗಳಾದರೂ ಒಂದು ಮಾತನ್ನು ಪರಾಮರ್ಶಿಸಬಹುದು. ಹೆಸರು ಕೆತ್ತಿಸಿದ ಮಹಾದ್ವಾರಗಳೂ ಗೋಡೆಗಳೂ ಶಾಲೆಗೆ ಶೋಭೆ, ಸಂದೇಹವಿಲ್ಲ. ಗೊಬ್ಬರದ ಗುಂಡಿಗೆ ಹೆಸರನ್ನು ಕೆತ್ತಿಸುವ ದಾನಿ ವಿರಳ. ಆದರೆ ತಿಪ್ಪೆಯ ಹೆಸರನ್ನು ಮಗನಿಗಿಟ್ಟು ಕರೆದ ಹಿರಿಯರಿಗೆ ಅದರಲ್ಲಿ ಸಂಕೋಚ ತೋರಿರಲಿಲ್ಲ.

ಬ್ರೂಕ್‌ಫೀಲ್ಡಿನ ಕಿಟಕಿಯಲ್ಲಿ ದೊಡ್ಡಪತ್ರೆ ಬೆಳೆಯಲಿ, ಚೆನ್ನಾಗಿಯೇ ಬೆಳೆಯಲಿ. ಅದರ ಬೇರಿನ ಕೆಳಗಿರುವ ಮಣ್ಣು ಆ ಮನೆಯ ಅನ್ನದಿಂದಲೇ ಹುಟ್ಟಿದ್ದಾಗಿರಲಿ. ಮಂಡೂರಿನಂಥ ಊರುಗಳಿಗೆ ನಗರವು ಸಲ್ಲಿಸಬೇಕಾದ ಋಣ ದೊಡ್ಡದು. ಅದನ್ನು ತೀರಿಸುವ ಮೊದಲ ಕಂತು ಒಂದು ಗಡಿಗೆಯಷ್ಟು ಚಿಕ್ಕದು.